ತಂತಿಯ ಮೇಲಿನ ನೀಲಿ ಹಕ್ಕಿ ಯಾವುದು? ಚಿತ್ರ ನೋಡಿ ಹಕ್ಕಿ ಹೇಳುವ ಆಟಕ್ಕೆ ಕೆಲವು ಉತ್ತರಗಳು

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಹಳ್ಳಿ ಶಾಲೆ. ಗ್ರಂಥಾಲಯದ ಗೋಡೆಗೆಂದು ಮೂರು ಅಡಿ ಅಗಲದ ಚಿತ್ರಪಟವೊಂದನ್ನು ತರಿಸಿದ್ದೇವೆ. ಕೆರೆ, ಗದ್ದೆ, ಆಲದ ಮರ, ಕರೆಂಟು ತಂತಿ, ಹಂಚಿನ ಮನೆ. ನಡುನಡುವೆ ಒಟ್ಟು 24 ಹಕ್ಕಿಗಳು. ಒಂದಕ್ಕೂ ಹೆಸರು ಬರೆದಿಲ್ಲ, ಸಂಖ್ಯೆ ಮಾತ್ರ ಇದೆ. ಪ್ರತಿ ಶನಿವಾರ ಮಕ್ಕಳಿಗೆ ‘ಯಾವ ಹಕ್ಕಿ ಹೇಳಿ’ ಆಟ ಆಡಿಸುತ್ತೇನೆ. ಏಳೆಂಟು ಹಕ್ಕಿಗಳ ವಿಷಯದಲ್ಲಿ ಜಗಳ ಮುಗಿಯುವುದೇ ಇಲ್ಲ. ತಂತಿಯ ಮೇಲಿನ ನೀಲಿ ಹಕ್ಕಿ ಅರ್ಧ ಮಕ್ಕಳಿಗೆ ನೀಲಕಂಠ, ಇನ್ನರ್ಧಕ್ಕೆ ಮಿಂಚುಳ್ಳಿ. ಪಟದ ಫೋಟೊ ಕಳಿಸಿದ್ದೇನೆ. ಸರಿ ಉತ್ತರ ಯಾವುದು, ಆಟವನ್ನು ಹೇಗೆ ನಡೆಸಬೇಕು ತಿಳಿಸುವಿರಾ?

ಉತ್ತರ: ತಂತಿಯ ಮೇಲಿನ ಹಕ್ಕಿಯಿಂದಲೇ ಶುರು ಮಾಡುತ್ತೇನೆ. ಎರಡೂ ಗುಂಪಿನ ಮಕ್ಕಳು ಹೇಳಿದ್ದು ತಪ್ಪು. ಫೋಟೊ ಹಿಗ್ಗಿಸಿ ನೋಡಿ: ತಲೆಯ ಮೇಲೆ ಚೂಪು ಜುಟ್ಟು, ಬೆಳ್ಳನೆ ಮುಖ, ಕೊರಳ ಸುತ್ತ ಕಪ್ಪು ಸರ, ನೀಲಿ ಬಾಲದ ಮೇಲೆ ಸಣ್ಣ ಕಪ್ಪು ಅಡ್ಡಗೆರೆಗಳು. ಇದು ಉತ್ತರ ಅಮೆರಿಕದ ಬ್ಲೂ ಜೇ. ಕಾಗೆಯ ಬಳಗಕ್ಕೆ ಸೇರಿದ್ದು, ನಮ್ಮ ದೇಶದ ಕಾಡು ಗದ್ದೆಗಳಲ್ಲಿ ಎಲ್ಲೂ ಕಾಣುವುದಿಲ್ಲ. ಅದು ನಿಮ್ಮ ಪಟದ ತಂತಿಯ ಮೇಲೆ ಬಂದು ಕೂರಲು ಒಂದು ಕಾರಣ ಇರಬಹುದು. ನಮ್ಮ ನೀಲಕಂಠವನ್ನು ಭಾರತದ ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಬ್ಲೂ ಜೇ’ ಎಂದೇ ಕರೆಯುತ್ತಿದ್ದರು. ಈಗ ‘ಇಂಡಿಯನ್ ರೋಲರ್’ ಎಂಬ ಹೆಸರು ನಿಂತಿದೆ. ಹಳೆಯ ಹೆಸರು ಹಾಕಿ ಅಂತರ್ಜಾಲದಲ್ಲಿ ಹುಡುಕಿದವರಿಗೆ ಸಿಗುವುದು ಅಮೆರಿಕದ ಹಕ್ಕಿಯೇ. ಕರ್ನಾಟಕದ ರಾಜ್ಯಪಕ್ಷಿಯ ಜಾಗದಲ್ಲಿ ಈ ಹಕ್ಕಿ ಬರುವುದು ಸಣ್ಣ ತಪ್ಪಲ್ಲ, ಮಕ್ಕಳಿಗೆ ಬಿಡಿಸಿ ಹೇಳಲೇಬೇಕು.

ನಿಜವಾದ ನೀಲಕಂಠ ತಂತಿಯ ಮೇಲೆ ಕೂತಾಗ ಅಷ್ಟೇನೂ ನೀಲಿಯಾಗಿ ಕಾಣುವುದಿಲ್ಲ. ನೆತ್ತಿ ಹಸಿರುನೀಲಿ, ಬೆನ್ನು ಮಾಸಲು ಕಂದು, ಎದೆ ನೇರಳೆ ಬೆರೆತ ಕಂದು, ಅದರ ಮೇಲೆ ತಿಳಿ ಗೀರುಗಳು. ಹೆಸರು ನೀಲಕಂಠವಾದರೂ ಕಂಠ ನೀಲಿಯಲ್ಲ! ಎರಡು ಬಗೆಯ ನೀಲಿ ಪಟ್ಟೆಗಳು ಬೆರಗು ಹುಟ್ಟಿಸುವುದು ರೆಕ್ಕೆ ಬಿಚ್ಚಿದಾಗ ಮಾತ್ರ. ಹಾಗಾಗಿ ಕೂತ ಹಕ್ಕಿ ಮೈಯೆಲ್ಲ ನೀಲಿಯಾಗಿದ್ದರೆ ನೀಲಕಂಠ ಎನ್ನುವ ಮೊದಲು ಇನ್ನೊಮ್ಮೆ ನೋಡಬೇಕು. ಗದ್ದೆಯ ತಂತಿಯ ಮೇಲೆ ಕೂರುವ ಇನ್ನೊಂದು ನೀಲಿ ಹಕ್ಕಿ ಬಿಳಿ ಎದೆಯ ಮಿಂಚುಳ್ಳಿ. ಇದು ನೀರಿನಿಂದ ದೂರದಲ್ಲೂ ಮಿಡತೆ, ಓತಿಕ್ಯಾತ ಹಿಡಿದು ಬದುಕುತ್ತದೆ. ಅದಕ್ಕೇ ‘ಮಿಂಚುಳ್ಳಿಯಾದರೆ ಕೆರೆ ಪಕ್ಕ ಇರಬೇಕಿತ್ತು’ ಎಂಬ ವಾದವನ್ನು ಒಪ್ಪಬೇಡಿ. ಇದರ ತಲೆ ಕಾಫಿ ಕಂದು, ಗಂಟಲು ಮತ್ತು ಎದೆ ಅಚ್ಚ ಬಿಳಿ, ಕೊಕ್ಕು ಕೆಂಪು. ನೀಲಕಂಠದ ಕೊಕ್ಕು ಕಪ್ಪು, ಉದ್ದದಲ್ಲಿ ತಲೆಯನ್ನು ಮೀರುವುದಿಲ್ಲ. ಮಿಂಚುಳ್ಳಿಯದು ತಲೆಗಿಂತ ಸ್ಪಷ್ಟವಾಗಿ ಉದ್ದ, ಕಠಾರಿಯಂತೆ ನೇರ.

ಈ ಕೊನೆಯ ಮಾತನ್ನು ಹಿಡಿದುಕೊಳ್ಳಿ, ಇಡೀ ಆಟದ ಬುಡ ಅಲ್ಲಿದೆ. ಬಯಲಿನ ಹಕ್ಕಿಗೂ ಚಿತ್ರದ ಹಕ್ಕಿಗೂ ಒಂದು ದೊಡ್ಡ ವ್ಯತ್ಯಾಸ: ಚಿತ್ರದಲ್ಲಿ ಕಲಾವಿದರು ಬರೆದಷ್ಟೇ ಇರುತ್ತದೆ. ಕೂಗಿಲ್ಲ, ಹಾರಾಟವಿಲ್ಲ, ನಿಜವಾದ ಗಾತ್ರವಿಲ್ಲ. ಇರುವ ಗುರುತು ಎಷ್ಟು ನಿಖರವೋ ಉತ್ತರವೂ ಅಷ್ಟೇ ನಿಖರವಾಗಿರಬೇಕು. ಚಿತ್ರ ‘ಬೆಳ್ಳಕ್ಕಿ’ ಎನ್ನುವವರೆಗೆ ಮಾತ್ರ ಕರೆದೊಯ್ದರೆ ಅಲ್ಲೇ ನಿಲ್ಲಬೇಕು. ಹೆಚ್ಚಿನ ಜಗಳ ಹುಟ್ಟುವುದು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಊಹಿಸಿದಾಗ.

ಚಿತ್ರದಲ್ಲಿ ಬಣ್ಣವನ್ನು ಕಡೆಗೆ ನಂಬಿ. ಮುದ್ರಣದಲ್ಲಿ ಗಾಢ ನೀಲಿ ನೇರಳೆಗೆ ತಿರುಗುವುದು ಸಾಮಾನ್ಯ. ಪಟ ಬಿಸಿಲಿಗೆ ತೂಗಿದ್ದರೆ ಹಳದಿ ಮತ್ತು ಕೆಂಪು ಶಾಯಿಗಳು ಮೊದಲು ಮಾಸುತ್ತವೆ. ನೀಲಿ, ಕಪ್ಪು ಉಳಿಯುತ್ತವೆ. ಹಳೆಯ ಪಟಗಳಲ್ಲಿ ಹಸಿರು ಗಿಳಿ ನೀಲಿಯಾಗುವುದು, ಗೋವಕ್ಕಿಯ ಹಳದಿ ಕೊಕ್ಕು ಬಿಳಿಚಿಕೊಳ್ಳುವುದು ಹೀಗೆ. ನಿಮ್ಮ ಪಟ ಹೊಸದು, ಆದರೆ ಕಿಟಕಿಯ ಎದುರಿಗಿದೆ. ಪಕ್ಕದ ಗೋಡೆಗೆ ಸರಿಸಿ. ಇನ್ನು ಕಲಾವಿದರ ಅಭ್ಯಾಸಗಳೂ ಇವೆ. ಕಣ್ಣು ಮುದ್ದಾಗಿ ಕಾಣಲೆಂದು ಸುತ್ತ ಬಿಳಿ ಉಂಗುರ ಎಳೆಯುತ್ತಾರೆ, ನೆರಳಿಗೆಂದು ಎಳೆದ ಗೆರೆ ರೆಕ್ಕೆಯ ಪಟ್ಟಿಯಂತೆ ಕಾಣುತ್ತದೆ. ಪಟದ ಎಲ್ಲ ಹಕ್ಕಿಗಳಲ್ಲೂ ಒಂದೇ ಥರದ ಕಣ್ಣುಂಗುರ ಇದ್ದರೆ ಅದು ಕುಂಚದ ರೂಢಿ, ಹಕ್ಕಿಯ ಗುರುತಲ್ಲ.

ಗಾತ್ರವೂ ಹಾಗೆಯೇ. ಗುಬ್ಬಚ್ಚಿ ಸುಮಾರು 15 ಸೆಂ.ಮೀ., ಪಿಕಳಾರ 20, ಗೊರವಂಕ ಎನ್ನುವ ಮೈನಾ 23ರ ಆಸುಪಾಸು, ಕಾಗೆ 40ಕ್ಕೂ ಮೇಲೆ. ಪಟದಲ್ಲಿ ಇವೆಲ್ಲ ಅಂಗೈಯಗಲ. ಒಂದು ಹಕ್ಕಿಯನ್ನು ಇನ್ನೊಂದರ ಜೊತೆ ಅಳೆದು ಪ್ರಯೋಜನವಿಲ್ಲ. ಒಂದೇ ಹಕ್ಕಿಯ ಅಂಗಗಳನ್ನು ಒಂದಕ್ಕೊಂದು ಹೋಲಿಸಿದರೆ ಮಾತ್ರ ಉಪಯೋಗ, ಏಕೆಂದರೆ ಚಿತ್ರವನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಆ ಪ್ರಮಾಣ ಬದಲಾಗುವುದಿಲ್ಲ. ಮಕ್ಕಳ ಕೈಗೆ ಒಂದು ಸ್ಕೇಲು, ಒಂದು ತುಂಡು ದಾರ ಕೊಡಿ. ಕೊಕ್ಕಿನ ಬುಡದಿಂದ ತುದಿಯವರೆಗೆ ಒಂದು ಅಳತೆ, ಕೊಕ್ಕಿನ ಬುಡದಿಂದ ಹಿಂದಲೆಯವರೆಗೆ ಇನ್ನೊಂದು. ಬಾಲವನ್ನು ಅಳೆದು ಇಡೀ ಉದ್ದದಲ್ಲಿ ಅದರ ಪಾಲೆಷ್ಟು ಎಂದು ನೋಡಿ. ಬಾಗಿದ ಕೊಕ್ಕಿಗೆ ಸ್ಕೇಲು ಒಗ್ಗುವುದಿಲ್ಲ, ದಾರವೇ ಬೇಕು.

ಈ ಅಳತೆಯಿಂದ ಒಂಬತ್ತನೆಯ ಹಕ್ಕಿಯ ಜಗಳ ಎರಡು ನಿಮಿಷದಲ್ಲಿ ಮುಗಿಯುತ್ತದೆ. ಆಲದ ಹಣ್ಣಿನ ಪಕ್ಕ ಕೂತ ಹಸಿರು ಹಕ್ಕಿ ಗಿಳಿಯಲ್ಲ, ಕುಟ್ರುಹಕ್ಕಿ. ನಮ್ಮ ಸಾಮಾನ್ಯ ಗಿಳಿಗೆ ಬಾಲವೇ ದೇಹದ ಅರ್ಧಕ್ಕಿಂತ ಹೆಚ್ಚು, ಕೊಕ್ಕು ಕೊಕ್ಕೆಯಂತೆ ಕೆಳಕ್ಕೆ ಬಾಗಿದೆ. ಕುಟ್ರುವಿನ ಬಾಲ ಮೊಂಡು, ತಲೆ ದಪ್ಪ, ಕೊಕ್ಕು ನೇರ ಮತ್ತು ಗಟ್ಟಿ, ಅದರ ಬುಡದಲ್ಲಿ ಮೀಸೆಯಂಥ ಬಿರುಗೂದಲು. ಕಾಲು ನೋಡಿ ತೀರ್ಮಾನಿಸಲು ಹೋಗಬೇಡಿ, ಎರಡಕ್ಕೂ ಮುಂದೆ ಎರಡು, ಹಿಂದೆ ಎರಡು ಬೆರಳು. ಇನ್ನು ಯಾವ ಕುಟ್ರು? ಕಣ್ಣಿನ ಮೇಲೊಂದು, ಕೆಳಗೊಂದು ಬಿಳಿ ಪಟ್ಟಿ ಇದ್ದರೆ ಬಿಳಿಕೆನ್ನೆಯ ಕುಟ್ರು, ನಿಮ್ಮ ಮಲೆನಾಡಿನಲ್ಲಿ ಇಡೀ ಬೇಸಿಗೆ ‘ಕುಟ್ರೂ ಕುಟ್ರೂ’ ಎನ್ನುವುದು ಇದೇ. ಕಣ್ಣಿನ ಸುತ್ತ ಗರಿಯಿಲ್ಲದ ಕಿತ್ತಳೆ ಹಳದಿ ಚರ್ಮ ಕೊಕ್ಕಿನವರೆಗೆ ಹರಡಿದ್ದರೆ ಕಂದುತಲೆಯ ಕುಟ್ರು. ಹಣೆಯಲ್ಲೂ ಎದೆಯಲ್ಲೂ ಕೆಂಪು ಬೊಟ್ಟು, ಹೊಟ್ಟೆಯಲ್ಲಿ ಗೀರು ಇದ್ದರೆ ಗುಬ್ಬಚ್ಚಿಗಿಂತ ಸ್ವಲ್ಪವೇ ದೊಡ್ಡದಾದ ಕಂಚುಗಾರ. ನಿಮ್ಮ ಪಟದಲ್ಲಿ ಕೆನ್ನೆಯ ಬಿಳಿ ಪಟ್ಟಿ ಎದ್ದು ಕಾಣುತ್ತಿದೆ, ಹಾಗಾಗಿ ಬಿಳಿಕೆನ್ನೆಯ ಕುಟ್ರು ಎಂದು ಪೂರ್ಣ ಉತ್ತರ ಕೊಡಬಹುದು.

ಎಮ್ಮೆಯ ಹಿಂದಿನ ಬಿಳಿ ಹಕ್ಕಿಯ ವಿಷಯದಲ್ಲಿ ಜಾಗ ನೋಡಿ ‘ಗೋವಕ್ಕಿ’ ಎಂದವರ ಉತ್ತರ ಸರಿ, ಕಾರಣ ಅರ್ಧ. ಎಮ್ಮೆಯ ಹಿಂದೆ ಬೇರೆ ಬೆಳ್ಳಕ್ಕಿಗಳೂ ಒಮ್ಮೊಮ್ಮೆ ನಡೆಯುತ್ತವೆ. ಗುರುತು ಎಂದರೆ ಹಳದಿ ಗಿಡ್ಡ ಕೊಕ್ಕು, ದಪ್ಪ ಮೋಟು ಕತ್ತು, ಗದ್ದದ ಕೆಳಗೆ ಉಬ್ಬು. ಮರಿ ಮಾಡುವ ಕಾಲದಲ್ಲಿ ತಲೆ, ಎದೆ, ಬೆನ್ನಿಗೆ ಕಿತ್ತಳೆ ಛಾಯೆ ಬರುತ್ತದೆ. ಕೆರೆಯ ಅಂಚಿನಲ್ಲಿರುವ ಇನ್ನೊಂದು ಬಿಳಿ ಹಕ್ಕಿಗೆ ಕೊಕ್ಕು ಕಪ್ಪು, ಕಾಲು ಕಪ್ಪು, ಪಾದ ಮಾತ್ರ ಹಳದಿ. ಅದು ಚಿಕ್ಕ ಬೆಳ್ಳಕ್ಕಿ. ಪಾದವನ್ನು ಇಷ್ಟು ಜತನದಿಂದ ಬರೆದಿರುವುದನ್ನು ನೋಡಿದರೆ ಈ ಹಕ್ಕಿಯನ್ನು ಕಲಾವಿದರು ಚೆನ್ನಾಗಿ ಗಮನಿಸಿದ್ದಾರೆ ಅನಿಸುತ್ತದೆ. ಮೂರನೆಯದು ದೂರದಲ್ಲಿ, ಹಳದಿ ಕೊಕ್ಕು, ಉದ್ದ ಕತ್ತು. ದೊಡ್ಡ ಬೆಳ್ಳಕ್ಕಿಗೂ ಮಧ್ಯಮ ಬೆಳ್ಳಕ್ಕಿಗೂ ಇರುವ ನಂಬುವಂಥ ವ್ಯತ್ಯಾಸ ಬಾಯಿಯ ಗೆರೆ: ದೊಡ್ಡದರಲ್ಲಿ ಅದು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಮಧ್ಯಮದಲ್ಲಿ ಕಣ್ಣಿನ ಕೆಳಗೇ ನಿಲ್ಲುತ್ತದೆ. ನಿಮ್ಮ ಪಟದಲ್ಲಿ ಆ ಗೆರೆಯನ್ನೇ ಬರೆದಿಲ್ಲ. ಆದ್ದರಿಂದ ‘ಬೆಳ್ಳಕ್ಕಿ’ ಎಂಬುದೇ ಅದಕ್ಕೆ ಸರಿ ಉತ್ತರ, ಮುಂದೆ ಹೋದವರಿಗೆ ಹೆಚ್ಚಿನ ಅಂಕ ಬೇಡ.

ಎಮ್ಮೆಯ ಬೆನ್ನ ಮೇಲಿನ ಕಪ್ಪು ಹಕ್ಕಿ ಕಾಜಾಣ. ಬಾಲ ಮೀನಿನ ಬಾಲದಂತೆ ಆಳವಾಗಿ ಸೀಳಿದೆ, ಬಾಯಿಯ ಮೂಲೆಯಲ್ಲಿ ಸಣ್ಣ ಬಿಳಿ ಚುಕ್ಕೆಯೂ ಇದೆ. ಆ ಚುಕ್ಕೆ ಇರುವುದರಿಂದ ಕರಿ ಕಾಜಾಣ ಎಂದೇ ಹೇಳಬಹುದು. ಚಳಿಗಾಲಕ್ಕೆ ಬರುವ ಬೂದು ಕಾಜಾಣಕ್ಕೆ ಚುಕ್ಕೆಯಿಲ್ಲ, ಕಣ್ಣು ಕೆಂಪು, ಮೈ ಸೀಸದ ಬಣ್ಣ. ಇದೇ ಹಕ್ಕಿಯನ್ನು ಗಂಡು ಕೋಗಿಲೆ ಎಂದ ಮಕ್ಕಳಿಗೆ ಬಾಲ ತೋರಿಸಿ. ಕೋಗಿಲೆಯ ಬಾಲ ಉದ್ದ, ತುದಿ ದುಂಡು, ಸೀಳಿಲ್ಲ. ಕೊಕ್ಕು ಮಾಸಲು ಹಸಿರು, ಕಣ್ಣು ಕೆಂಡದಂತೆ ಕೆಂಪು. ಪಟದ ಹದಿಮೂರನೆಯ ಹಕ್ಕಿಗೂ ಕಣ್ಣು ಕೆಂಪೇ, ಮೈ ಕಪ್ಪೇ, ಆದರೆ ರೆಕ್ಕೆ ಇಟ್ಟಿಗೆ ಬಣ್ಣ. ಅದು ಕೆಂಬೂತ, ನವಿಲನ್ನು ನೋಡಿ ಪುಕ್ಕ ಕೆದರಿತೆಂದು ಗಾದೆಯಲ್ಲಿ ಹೇಳುವ ಹಕ್ಕಿ. ಕೆಲವು ಮನೆಗಳಲ್ಲಿ ರತ್ನಪಕ್ಷಿ ಎನ್ನುತ್ತಾರೆ, ಎರಡನ್ನೂ ಒಪ್ಪಿಕೊಳ್ಳಿ. ಹದಿನಾಲ್ಕನೆಯದು, ಕಂದು ಮೈತುಂಬ ಬಿಳಿ ಚುಕ್ಕೆ ಮತ್ತು ಬಾಲದಲ್ಲಿ ಅಡ್ಡಪಟ್ಟಿ ಇರುವುದು, ಹೆಣ್ಣು ಕೋಗಿಲೆ. ಅದರ ಬಾಯಿಂದ ಸಂಗೀತದ ಸ್ವರಗಳು ಹೊರಡುವಂತೆ ಬರೆದಿದ್ದಾರೆ. ‘ಕುಹೂ’ ಎಂದು ಏರುದನಿಯಲ್ಲಿ ಹಾಡುವುದು ಗಂಡು, ಇದನ್ನು ಮಕ್ಕಳಿಗೆ ಹೇಳಿಬಿಡಿ.

ಆಲದ ತುದಿಯ ದೊಡ್ಡ ಕೊಕ್ಕಿನ ಹಕ್ಕಿ ಟೂಕನ್ನೋ ಮಂಗಟ್ಟೆಯೋ ಎಂಬ ಪ್ರಶ್ನೆ ನಿಮ್ಮ ಸೀಮೆಯ ಮಕ್ಕಳಿಗೆ ಬರಬಾರದಿತ್ತು, ಆದರೆ ಟಿ.ವಿ. ಮತ್ತು ಸ್ಟಿಕರುಗಳ ತುಂಬ ಟೂಕನ್ನುಗಳೇ ಇವೆ. ಟೂಕನ್ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ಅದರ ಕೊಕ್ಕು ಎಷ್ಟೇ ದೊಡ್ಡದಿದ್ದರೂ ಮೇಲ್ಭಾಗ ನುಣುಪು. ಹಾರ್ನ್‌ಬಿಲ್ ಎನ್ನುವ ನಮ್ಮ ಮಂಗಟ್ಟೆಗಳಲ್ಲಿ ಹಲವಕ್ಕೆ ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದಂಥ ಉಬ್ಬು ಇರುತ್ತದೆ. ಕರ್ನಾಟಕದಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ, ನಾಲ್ಕೂ ದಾಂಡೇಲಿಯಲ್ಲಿ ಸಿಗುತ್ತವೆ. ದೊಡ್ಡ ಮಂಗಟ್ಟೆಗೆ ಹಳದಿ ಉಬ್ಬು, ತಿಳಿ ಹಳದಿ ಕತ್ತು, ಬಿಳಿ ಬಾಲದ ಮೇಲೆ ಒಂದೇ ಒಂದು ಕಪ್ಪು ಅಡ್ಡಪಟ್ಟಿ. ಮಲಬಾರ್ ಕಪ್ಪು-ಬಿಳಿ ಮಂಗಟ್ಟೆಗೆ ಕತ್ತು ಕಪ್ಪು, ಹೊಟ್ಟೆ ಬಿಳಿ, ಉಬ್ಬಿನ ಮೇಲೆ ಕಪ್ಪು ಮಚ್ಚೆ. ಬಾಲದ ನಡುವಿನ ಗರಿ ಕಪ್ಪು, ಅಂಚಿನವು ಬಿಳಿ. ಮಲಬಾರ್ ಬೂದು ಮಂಗಟ್ಟೆಗೆ ಉಬ್ಬೇ ಇಲ್ಲ, ಬಯಲುಸೀಮೆಯ ಕಡೆಗೂ ಕಾಣುವ ಬೂದು ಮಂಗಟ್ಟೆಗೆ ಚಿಕ್ಕದೊಂದು ಚೂಪು ಉಬ್ಬಿದೆ. ನಿಮ್ಮ ಪಟದಲ್ಲಿರುವುದು ದೊಡ್ಡ ಮಂಗಟ್ಟೆ. ಕಣ್ಣನ್ನು ಕೆಂಪಾಗಿ ಬರೆದಿದ್ದಾರೆ, ಹಾಗಾಗಿ ಗಂಡು. ಹೆಣ್ಣಿನ ಕಣ್ಣು ಬೆಳ್ಳಗಿರುತ್ತದೆ. ಇದನ್ನು ಏಳನೇ ತರಗತಿಯವರಿಗೆ ಹೆಚ್ಚುವರಿ ಪ್ರಶ್ನೆಯಾಗಿ ಇಟ್ಟುಕೊಳ್ಳಿ.

ಹಂಚಿನ ಮೇಲಿನ ಕಪ್ಪು-ಬಿಳಿ ಹಕ್ಕಿ ಮಡಿವಾಳ. ಬಾಲವನ್ನು ಮೇಲಕ್ಕೆತ್ತಿ ನಿಂತಿದೆ, ತಲೆ ಪೂರ್ತಿ ಕಪ್ಪು. ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕವಾಗಿದ್ದರೆ ಕಣ್ಣಿನ ಮೇಲೆ ಬಿಳಿ ಹುಬ್ಬು ಇರಬೇಕಿತ್ತು, ಬಾಲ ನೆಲಕ್ಕೆ ಸಮನಾಗಿರಬೇಕಿತ್ತು.

ಈಗ ಆಟ ನಡೆಸುವ ಬಗೆ. ನೀವು ಬರೆದಂತೆ ಈಗ ಮಕ್ಕಳಿಗೆ ಪಟ ತೋರಿಸಿ, 24 ಹೆಸರುಗಳ ಪಟ್ಟಿ ಕೊಟ್ಟು ಹೊಂದಿಸಲು ಹೇಳುತ್ತಿದ್ದೀರಿ. ಇದರಲ್ಲಿ ಎರಡು ತೊಡಕು. ಗೊತ್ತಿರುವ ಇಪ್ಪತ್ತನ್ನು ತೆಗೆದರೆ ಉಳಿದ ನಾಲ್ಕಕ್ಕೆ ಹಕ್ಕಿಯನ್ನು ನೋಡದೆಯೇ ಹೆಸರು ಹಚ್ಚಬಹುದು. ಮೂರು ವಾರ ಕಳೆದರೆ ಮಕ್ಕಳು ಹಕ್ಕಿಯನ್ನು ಬಿಟ್ಟು ಜಾಗವನ್ನು ಬಾಯಿಪಾಠ ಮಾಡಿರುತ್ತಾರೆ: ಮರದ ಎಡಗಡೆ ಕುಟ್ರು, ಹಂಚಿನ ಮೇಲೆ ಮಡಿವಾಳ ಎಂದು. ಮೊದಲನೆಯದಕ್ಕೆ ಮದ್ದು, ಪಟ್ಟಿಯಲ್ಲಿ 30 ಹೆಸರು ಇಡುವುದು, ಪಟದಲ್ಲಿಲ್ಲದ ಆರು ಹಕ್ಕಿಗಳನ್ನು ಸೇರಿಸಿ. ಆ ಆರೂ ಹತ್ತಿರದ ಹೋಲಿಕೆಯವಾಗಿರಲಿ. ಕುಂಡೆಕುಸ್ಕ, ಕಂಚುಗಾರ, ಬೂದು ಕಾಜಾಣದಂಥವು. ಎರಡನೆಯದಕ್ಕೆ ಪಟವನ್ನು ಬಿಡಿ ಬಿಡಿಯಾಗಿ ಫೋಟೊ ತೆಗೆದು, ಬಣ್ಣದಲ್ಲಿ ಮುದ್ರಿಸಿ, 24 ಕಾರ್ಡುಗಳಾಗಿ ಕತ್ತರಿಸಿ, ಪ್ರತಿ ಸಲ ಕಲೆಸಿ ಕೊಡಿ. ಫೋಟೊ ತೆಗೆಯುವಾಗ ಫ್ಲ್ಯಾಶ್ ಬೇಡ, ಲ್ಯಾಮಿನೇಶನ್ ಹೊಳೆದು ಕೊಕ್ಕೇ ಕಾಣದಂತಾಗುತ್ತದೆ. ಬೆಳಗಿನ ಬೆಳಕಿನಲ್ಲಿ ನೆರಳಿಗಿಟ್ಟು ತೆಗೆಯಿರಿ.

ಪಟದ ಮೇಲೇ ಆಡಿಸುವುದಾದರೆ ಒಂದು ಕಿಂಡಿರಟ್ಟು ಮಾಡಿಕೊಳ್ಳಿ. ಒಂದಡಿ ಚೌಕದ ರಟ್ಟಿನ ನಡುವೆ 3 ಸೆಂ.ಮೀ. ಅಗಲದ ದುಂಡು ಕಿಂಡಿ. ಇನ್ನೊಂದು ರಟ್ಟಿಗೆ 6 ಸೆಂ.ಮೀ. ಕಿಂಡಿ. ಮೊದಲ ಕಿಂಡಿಯಲ್ಲಿ ಕೊಕ್ಕು ಮಾತ್ರ ತೋರಿಸಿ 20 ಸೆಕೆಂಡು ಕೊಡಿ. ಈ ಹಂತದಲ್ಲಿ ಹೆಸರು ಹೇಳಬಾರದು, ‘ಇದು ಏನು ತಿನ್ನುವ ಕೊಕ್ಕು’ ಎಂಬುದನ್ನಷ್ಟೇ ಹೇಳಬೇಕು. ನಂತರ ಅದೇ ಕಿಂಡಿಯನ್ನು ಬಾಲಕ್ಕೆ ಸರಿಸಿ. ಮೂರನೆಯ ಸುತ್ತಿಗೆ ದೊಡ್ಡ ಕಿಂಡಿ, ಕೊನೆಗೆ ಪೂರ್ತಿ ಹಕ್ಕಿ. ಎಲ್ಲಕ್ಕಿಂತ ಮೊದಲು ಬಣ್ಣ ತೋರಿಸಿಬಿಟ್ಟರೆ ಮಕ್ಕಳ ತಲೆಯಲ್ಲಿ ‘ನೀಲಿ’ ಎಂಬುದೊಂದೇ ನಿಂತು ಉಳಿದದ್ದು ಕಾಣುವುದಿಲ್ಲ. ತಂತಿಯ ಮೇಲಿನ ಹಕ್ಕಿಗೆ ಜುಟ್ಟಿದ್ದುದು ಇಷ್ಟು ವಾರ ಯಾರ ಕಣ್ಣಿಗೂ ಬೀಳದೆ ಹೋಗಿದ್ದು ಹೀಗೇ ಇರಬೇಕು.

ನಾಲ್ಕು ಮಕ್ಕಳಿಗೆ ಒಂದು ಗುಂಪು, ದಿನಕ್ಕೆ ಎಂಟು ಹಕ್ಕಿ ಸಾಕು. ಪ್ರತಿ ಹಕ್ಕಿಗೆ ಐದು ಅಂಕ: ಗುಂಪು ಸರಿಯಾದರೆ ಒಂದು, ಚಿತ್ರದಲ್ಲಿ ಬೆರಳಿಟ್ಟು ತೋರಿಸುವ ಒಂದೊಂದು ಗುರುತಿಗೆ ಒಂದೊಂದರಂತೆ ಎರಡು, ಜಾತಿಯ ಹೆಸರಿಗೆ ಎರಡು. ಗುರುತು ತೋರಿಸದೆ ಹೆಸರು ಮಾತ್ರ ಹೇಳಿದರೆ ಒಟ್ಟು ಒಂದೇ ಅಂಕ. ಈ ಒಂದು ನಿಯಮದಿಂದ ಗದ್ದಲ ಬಹಳ ಇಳಿಯುತ್ತದೆ, ಏಕೆಂದರೆ ಜೋರಾಗಿ ಕೂಗುವವರಿಗಿಂತ ಬೆರಳಿಟ್ಟು ತೋರಿಸುವವರಿಗೆ ಹೆಚ್ಚು ಸಿಗುತ್ತದೆ. ಮನೆಮಾತಿನ ಹೆಸರು ಹೇಳಿದರೂ ಪೂರ್ತಿ ಅಂಕ ಕೊಡಿ, ಆ ಹೆಸರನ್ನು ನಿಮ್ಮ ಉತ್ತರದ ಹಾಳೆಯಲ್ಲಿ ಬರೆದುಕೊಳ್ಳಿ. ಉತ್ತರದ ಹಾಳೆಯಲ್ಲಿ ಹೆಸರಿನ ಮುಂದೆ ‘ಯಾವ ಗುರುತಿನಿಂದ’ ಎಂಬುದೂ ಇರಬೇಕು. ಮುಂದಿನ ವರ್ಷ ಬೇರೆ ಶಿಕ್ಷಕರು ಆಡಿಸಿದಾಗ ಅದೇ ಜಗಳ ಮತ್ತೆ ಏಳುವುದಿಲ್ಲ.

ಮೊಬೈಲಿನಲ್ಲಿ ಚಿತ್ರ ತೋರಿಸಿ ಉತ್ತರ ಪಡೆಯುವುದು ಈ ಕೆಲಸಕ್ಕೆ ಒಗ್ಗುವುದಿಲ್ಲ. ಹಕ್ಕಿ ಗುರುತಿಸುವ ಆ್ಯಪ್‌ಗಳು ನಿಜವಾದ ಹಕ್ಕಿಗಳ ಫೋಟೊದಿಂದ ಕಲಿತವು, ಕುಂಚದ ಗೆರೆಯನ್ನು ಕೊಟ್ಟರೆ ಏನೋ ಒಂದು ಹೇಳಿಬಿಡುತ್ತವೆ. ಮೊಬೈಲಿನ ನಿಜವಾದ ಉಪಯೋಗ ಬೇರೆ: ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್‌ನಲ್ಲಿ ನಿಮ್ಮ ಜಿಲ್ಲೆಯ ಪಟ್ಟಿ ತೆರೆದು, ನೀವು ತೀರ್ಮಾನಿಸಿದ ಹಕ್ಕಿ ಅಲ್ಲಿ ದಾಖಲಾಗಿದೆಯೇ, ಯಾವ ತಿಂಗಳಲ್ಲಿ ಎಂದು ನೋಡಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಒಂದೋ ಗುರುತು ತಪ್ಪಿದೆ, ಇಲ್ಲವೇ ಚಿತ್ರ ತಪ್ಪಿದೆ.

ತಿಂಗಳ ಮಾತು ಬಂದದ್ದರಿಂದ ಇನ್ನೊಂದು. ಜಾಲಿ ಮರಕ್ಕೆ ನೇತುಬಿದ್ದ ಉದ್ದ ಕೊಳವೆಯ ಗೂಡು ಗೀಜಗದ್ದು. ಪಕ್ಕದ ಹಕ್ಕಿಗೆ ಹಳದಿ ಟೋಪಿ, ಕಪ್ಪಾದ ಮುಖ. ಮಳೆಗಾಲದಲ್ಲಿ ಗೂಡು ಹೆಣೆಯುವ ಗಂಡು. ಅದೇ ಕೆರೆಯಲ್ಲಿ ತಲೆಯ ಹಿಂದೆ ಎರಡು ಕಪ್ಪು ಪಟ್ಟಿಯಿರುವ ಹೆಬ್ಬಾತುಗಳೂ ಈಜುತ್ತಿವೆ. ಪಟ್ಟೆತಲೆಯ ಈ ಹೆಬ್ಬಾತು ಹಿಮಾಲಯದ ಆಚೆಯಿಂದ ಚಳಿಗಾಲಕ್ಕೆ ಬರುವಂಥದು, ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ದಂಡುದಂಡಾಗಿ ಇಳಿಯುತ್ತದೆ. ಎರಡು ಹಕ್ಕಿಗಳನ್ನೂ ಸರಿಯಾಗಿಯೇ ಬರೆದಿದ್ದಾರೆ, ಆದರೆ ಗೂಡು ಹೆಣೆಯುವ ಗೀಜಗವನ್ನೂ ಈ ಹೆಬ್ಬಾತನ್ನೂ ಒಂದೇ ದಿನ ಒಂದೇ ಕೆರೆಯಲ್ಲಿ ನೋಡಲಾಗದು. ‘ಈ ಪಟದಲ್ಲಿ ಒಟ್ಟಿಗೆ ಇರಬಾರದ ಎರಡು ಹಕ್ಕಿ ಯಾವುವು’ ಎಂಬುದು ದೊಡ್ಡ ಮಕ್ಕಳಿಗೆ ಒಳ್ಳೆಯ ಪ್ರಶ್ನೆ. ಅದರ ಜೊತೆಗೇ ‘ಹೊರನಾಡಿನ ಹಕ್ಕಿ ಹುಡುಕಿ’ ಎಂದು ಬ್ಲೂ ಜೇಯನ್ನೂ ಪ್ರಶ್ನೆಯಾಗಿಸಿ. ಪಟದ ಮೇಲೆ ಚೀಟಿ ಅಂಟಿಸಿ ಅದನ್ನು ಮುಚ್ಚುವ ಅಗತ್ಯವಿಲ್ಲ. ಅದರ ಪಕ್ಕದಲ್ಲಿ, ಕೂತ ನೀಲಕಂಠದ ಒಂದು ಒಳ್ಳೆಯ ಫೋಟೊ, ರೆಕ್ಕೆ ಬಿಚ್ಚಿದ ಇನ್ನೊಂದು, ಎರಡನ್ನೂ ಅಂಟಿಸಿದರೆ ಸಾಕು.

ಉಳಿದದ್ದು ಇಪ್ಪತ್ತೆರಡನೆಯದು, ಹುಲ್ಲಿನ ನಡುವಿನ ಕಂದು ಹಕ್ಕಿ. ಮಕ್ಕಳು ನೆಲಗುಬ್ಬಿ, ಪಿಪಿಟ್, ಹೆಣ್ಣು ಗುಬ್ಬಚ್ಚಿ, ಹೆಣ್ಣು ಗೀಜಗ ಎಂದು ನಾಲ್ಕು ಉತ್ತರ ಕೊಟ್ಟಿದ್ದಾರೆ. ಕೊಕ್ಕು ಗಿಡ್ಡ, ಬುಡ ದಪ್ಪ, ಶಂಕುವಿನಂತಿದೆ, ಆದ್ದರಿಂದ ತೆಳು ಕೊಕ್ಕಿನ ಪಿಪಿಟ್ ಹೊರಗಾಯಿತು. ಬೆನ್ನಿನ ಮೇಲೆ ಗೀರುಗಳಿವೆ, ಅದು ಉಳಿದ ಮೂರಕ್ಕೂ ಹೊಂದುತ್ತದೆ. ನೆಲಗುಬ್ಬಿಯ ಹಿಂಬೆರಳಿನ ಉದ್ದ ಉಗುರು ಕಾಣಬೇಕಾದ ಜಾಗವನ್ನು ಹುಲ್ಲು ಮುಚ್ಚಿದೆ, ಮುಖದ ಪಟ್ಟಿಗಳನ್ನು ಬರೆದಿಲ್ಲ. ‘ಕಾಳು ತಿನ್ನುವ ಗೀರುಬೆನ್ನಿನ ಸಣ್ಣ ಹಕ್ಕಿ, ಕಾಲು ಮತ್ತು ಮುಖ ಕಾಣದೆ ಮುಂದೆ ಹೇಳಲಾಗದು’ ಎಂದ ಗುಂಪಿಗೆ ಐದಕ್ಕೆ ಐದೂ ಕೊಡಿ.